ಅಧ್ಯಕ್ಷ ಪದವಿಯನ್ನು ತೆಗೆದರೆ ಅದರ ಅಧಿಕಾರ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಶ್ರೀಲಂಕಾದಲ್ಲಿ ಅಧ್ಯಕ್ಷೀಯ ಪದ್ಧತಿಯನ್ನು ರದ್ದುಪಡಿಸಿ ಸಂಸದೀಯ ಪದ್ಧತಿಗೆ ಮರಳುತ್ತೇವೆ ಎಂದು 1994ರಿಂದಲೂ ಒಬ್ಬರಾದ ಮೇಲೊಬ್ಬರು ಭರವಸೆ ಕೊಡುತ್ತಿದ್ದಾರೆ, ಯಾರೂ ಮಾಡಿಲ್ಲ. 2024ರಲ್ಲಿ ಗೆದ್ದ ಪಕ್ಷಕ್ಕೆ ಮೂರನೇ ಎರಡಕ್ಕಿಂತ ಹೆಚ್ಚು ಸ್ಥಾನಗಳೇ ಇವೆ. “ಒಂದು ತಿದ್ದುಪಡಿ ತಂದರೆ ಮುಗಿಯಿತಲ್ಲ ಸರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅವಳಿಗೆ ಏನು ಹೇಳಲಿ? ಪದ್ಧತಿ ಬದಲಾದರೆ ನಿಜವಾಗಿಯೂ ಪರಿಸ್ಥಿತಿ ಸುಧಾರಿಸುತ್ತದೆಯೇ?

ಉತ್ತರ: ಮುಗಿಯುವುದಿಲ್ಲ ಎಂದು ಹೇಳಿ. ತಿದ್ದುಪಡಿಯ ಮೇಲೆ ಜನಮತ ಸಂಗ್ರಹವೂ ಬೇಕು. ಅದೂ ಆಯಿತು ಎಂದುಕೊಂಡರೂ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಅಧ್ಯಕ್ಷರ ಕೈಯಲ್ಲಿರುವ ಪ್ರತಿಯೊಂದು ಅಧಿಕಾರವೂ ಇನ್ನು ಮುಂದೆ ಯಾರ ಕೈಗೆ ಸೇರಬೇಕು ಎಂದು ಬರೆದಿಡದೆ ಪದವಿಯನ್ನು ಮಾತ್ರ ತೆಗೆದರೆ, ಆ ಅಧಿಕಾರವೆಲ್ಲ ಇನ್ನೊಂದು ಕುರ್ಚಿಯ ಕೆಳಗೆ ಹೋಗಿ ಶೇಖರಣೆಯಾಗುತ್ತದೆ. ನಾನು ಶ್ರೀಲಂಕಾ ಸಂಸದೀಯ ಪದ್ಧತಿಗೆ ಮರಳಬೇಕು ಎನ್ನುವವರ ಪೈಕಿ. ಹಾಗೆಂದೇ ಅವಸರದ ಬದಲಾವಣೆಯ ಬಗ್ಗೆ ನನಗೆ ಹೆದರಿಕೆ ಹೆಚ್ಚು.

ಈ ಪದವಿ ಬಂದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು. 1948ರಿಂದ 1978ರವರೆಗೆ ಆ ದೇಶದಲ್ಲಿದ್ದದ್ದು ನಮ್ಮಂಥದೇ ಪದ್ಧತಿ: ಪ್ರಧಾನಿ, ಮಂತ್ರಿಮಂಡಲ, ಅಲಂಕಾರಕ್ಕೊಬ್ಬ ರಾಷ್ಟ್ರದ ಮುಖ್ಯಸ್ಥ. 1977ರ ಜುಲೈ ಚುನಾವಣೆಯಲ್ಲಿ ಜೆ.ಆರ್. ಜಯವರ್ಧನೆ ಅವರ ಯುನೈಟೆಡ್ ನ್ಯಾಷನಲ್ ಪಕ್ಷಕ್ಕೆ (ಯುಎನ್‌ಪಿ) ಬಿದ್ದದ್ದು ಸುಮಾರು ಶೇಕಡಾ 51 ಮತ, ಸಿಕ್ಕಿದ್ದು 168ರಲ್ಲಿ 140 ಸ್ಥಾನ. ಅಧಿಕಾರದಲ್ಲಿದ್ದ ಶ್ರೀಲಂಕಾ ಫ್ರೀಡಂ ಪಕ್ಷಕ್ಕೆ ಹತ್ತಿರ ಹತ್ತಿರ ಶೇಕಡಾ 30 ಮತ ಬಂದರೂ ದಕ್ಕಿದ್ದು ಎಂಟೇ ಸ್ಥಾನ. ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಆ ಬಹುಮತದ ಬಲದಿಂದ ಜಯವರ್ಧನೆ ಮೊದಲು ಹಳೆಯ ಸಂವಿಧಾನವನ್ನೇ ತಿದ್ದಿ 1978ರ ಫೆಬ್ರವರಿ 4ರಂದು ಅಧ್ಯಕ್ಷರಾದರು. ಹೊಸ ಸಂವಿಧಾನ ಅದೇ ವರ್ಷದ ಸೆಪ್ಟೆಂಬರ್ 7ರಂದು ಜಾರಿಗೆ ಬಂತು. ಇದು ಅವರಿಗೆ ಗೆದ್ದ ಮೇಲೆ ಹೊಳೆದ ಯೋಚನೆಯಲ್ಲ. 1966ರಲ್ಲೇ, ಮಂತ್ರಿಯಾಗಿದ್ದಾಗ, ಸಂಸತ್ತಿನ ಚಂಚಲತೆಗೆ ಸಿಗದ ಗಟ್ಟಿ ಕಾರ್ಯಾಂಗ ಬೇಕು ಎಂದು ಅವರು ಭಾಷಣ ಮಾಡಿದ್ದರು. ಅಂದರೆ ಸಂಸತ್ತು ಕೈಯಿಟ್ಟು ಅಲುಗಾಡಿಸಲಾಗದಂಥ ಪದವಿಯೇ ಅವರಿಗೆ ಬೇಕಿತ್ತು. ಅಂಥದನ್ನೇ ಕಟ್ಟಿದರು. 1982ರಲ್ಲಿ ತಮ್ಮ ಪಕ್ಷದ ಸಂಸದರಿಂದ ದಿನಾಂಕವಿಲ್ಲದ ರಾಜೀನಾಮೆ ಪತ್ರಗಳನ್ನು ಬರೆಸಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಚುನಾವಣೆಯ ಬದಲು ಜನಮತ ಸಂಗ್ರಹ ನಡೆಸಿ ಅದೇ ಸಂಸತ್ತಿನ ಆಯುಷ್ಯವನ್ನು ಇನ್ನೂ ಆರು ವರ್ಷ ಬೆಳೆಸಿದರು.

ಆ ಗಟ್ಟಿತನದ ಬೆಲೆ ಏನೆಂದು ತಿಳಿಯಬೇಕಾದರೆ 2022ರ ಜುಲೈ ತಿಂಗಳ ಒಂದೇ ವಾರವನ್ನು ತೆಗೆದುಕೊಳ್ಳಿ. ಜುಲೈ 7ರಂದು ಲಂಡನ್ನಿನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ರಾಜೀನಾಮೆ ಪ್ರಕಟಿಸಿದರು. ಎರಡು ದಿನಗಳಲ್ಲಿ ಅವರ ಮಂತ್ರಿಗಳು ಸಾಲುಸಾಲಾಗಿ ಹೊರನಡೆದಿದ್ದರು, ಉಳಿಯುವ ದಾರಿಯೇ ಇರಲಿಲ್ಲ. ಜುಲೈ 9ರಂದು ಕೊಲಂಬೊದಲ್ಲಿ ಜನ ಅಧ್ಯಕ್ಷರ ಭವನಕ್ಕೆ ನುಗ್ಗಿದರು. ಕೊಲಂಬೊದಲ್ಲಿಯೂ ಮಂತ್ರಿಗಳು ಹೊರನಡೆದಿದ್ದರು, ಅದೂ ಮೂರು ತಿಂಗಳ ಹಿಂದೆ! ಏಪ್ರಿಲ್ 3ರ ರಾತ್ರಿ ಪ್ರಧಾನಿಯೊಬ್ಬರನ್ನು ಬಿಟ್ಟು ಇಡೀ ಸಂಪುಟ ರಾಜೀನಾಮೆ ಕೊಟ್ಟಿತ್ತು. ಎರಡು ದಿನ ಕಳೆಯುವುದರೊಳಗೆ ಸುಮಾರು ನಲವತ್ತು ಸಂಸದರು ಆಡಳಿತ ಕೂಟ ಬಿಟ್ಟರು. ಅಧ್ಯಕ್ಷ ಗೋಟಬಯ ರಾಜಪಕ್ಸ ಮಾತ್ರ ಇದ್ದಲ್ಲೇ ಇದ್ದರು, ಏಕೆಂದರೆ ಅವರ ಪದವಿಗೂ ಸದನದ ವಿಶ್ವಾಸಕ್ಕೂ ಸಂಬಂಧವೇ ಇರಲಿಲ್ಲ. ವಿರೋಧ ಪಕ್ಷಗಳು ಅಧ್ಯಕ್ಷರ ವಿರುದ್ಧ ಅಸಮಾಧಾನ ಸೂಚಿಸುವ ಗೊತ್ತುವಳಿ ತರಲು ಮೇ ತಿಂಗಳಲ್ಲಿ ಮಾಡಿದ ಪ್ರಯತ್ನ ಸದನದಲ್ಲಿ ಬಿದ್ದುಹೋಯಿತು. ಗೆದ್ದಿದ್ದರೂ ಅದರಿಂದ ಅವರು ಇಳಿಯಬೇಕಾಗಿರಲಿಲ್ಲ. ಇಳಿಸಲು ಇದ್ದ ಒಂದೇ ದಾರಿ ಮಹಾಭಿಯೋಗ: ಮೂರನೇ ಎರಡರಷ್ಟು ಮತ, ಸುಪ್ರೀಂ ಕೋರ್ಟಿನ ವಿಚಾರಣೆ, ಮತ್ತೆ ಮೂರನೇ ಎರಡರಷ್ಟು ಮತ. 1991ರಲ್ಲಿ ಆಗಿನ ಅಧ್ಯಕ್ಷ ಪ್ರೇಮದಾಸ ಅವರ ಮೇಲೆ ಅದನ್ನು ಪ್ರಯೋಗಿಸಲು ಹೋದವರು ಸೋತಿದ್ದರು. ಅಡುಗೆ ಅನಿಲಕ್ಕೆ, ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತ ಜನರಿಗೆ ಕೊನೆಗೆ ಉಳಿದದ್ದು ಬೀದಿ ಮಾತ್ರ. ಜುಲೈ 13ರ ಬೆಳಗಿನ ಜಾವ ಅಧ್ಯಕ್ಷರು ಮಾಲ್ಡೀವ್ಸ್‌ಗೆ ಹಾರಿದರು, ಮರುದಿನ ಸಿಂಗಪುರದಿಂದ ಇ-ಮೇಲ್‌ನಲ್ಲಿ ರಾಜೀನಾಮೆ ಕಳಿಸಿದರು.

ಇದಾದ ಒಂದು ವಾರಕ್ಕೆ ನಡೆದದ್ದನ್ನು ನಿಮ್ಮ ವಿದ್ಯಾರ್ಥಿನಿಗೆ ಖಂಡಿತ ಹೇಳಿ. ಜುಲೈ 20ರಂದು ಸಂಸತ್ತೇ ಮತ ಹಾಕಿ ರನಿಲ್ ವಿಕ್ರಮಸಿಂಘೆ ಅವರನ್ನು 134 ಮತಗಳಿಂದ ಅಧ್ಯಕ್ಷರನ್ನಾಗಿ ಆರಿಸಿತು. ಅವಧಿಯ ನಡುವೆ ಪದವಿ ತೆರವಾದರೆ ಹಾಗೆ ಮಾಡಬೇಕೆಂದು ಸಂವಿಧಾನವೇ ಹೇಳುತ್ತದೆ. ಹಾಗಾದರೆ ಅಂದಿನಿಂದ ಶ್ರೀಲಂಕಾ ಸಂಸದೀಯ ದೇಶವಾಯಿತೇ? ಇಲ್ಲ. ಆರಿಸಿದ ಸಂಸತ್ತಿಗೆ ಮರುದಿನ ಅವರನ್ನು ಸರಳ ಬಹುಮತದಿಂದ ಇಳಿಸುವ ಹಕ್ಕಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿಯ ಮುಖ್ಯಸ್ಥರ ಹೆಸರು ಅಧ್ಯಕ್ಷ, ಅವರೇ ಸರ್ಕಾರ ನಡೆಸುತ್ತಾರೆ. ಆದರೆ ಅವರನ್ನು ಆರಿಸುವುದೂ ಸಂಸತ್ತು, ಅವಿಶ್ವಾಸ ಗೊತ್ತುವಳಿಯಿಂದ ಇಳಿಸಬಲ್ಲದ್ದೂ ಸಂಸತ್ತು. ಹಾಗಾಗಿ ಅದು ಒಳಗಿನಿಂದ ಸಂಸದೀಯ ಪದ್ಧತಿಯೇ. ಪಠ್ಯಪುಸ್ತಕಗಳು ಎರಡು ಪದ್ಧತಿಗಳ ವ್ಯತ್ಯಾಸ ಹೇಳುವಾಗ ‘ನೇರ ಚುನಾವಣೆ’ಗೆ ಹೆಚ್ಚು ಒತ್ತು ಕೊಡುತ್ತವೆ. ನನ್ನ ಮಟ್ಟಿಗೆ ಅದು ಎರಡನೆಯ ಮಾತು. ಏರಿದವರನ್ನು ಅವಧಿಯ ಮಧ್ಯೆ, ರಕ್ತ ಹರಿಯದೆ, ಇಳಿಸುವವರು ಯಾರು ಎಂಬುದು ಮೊದಲನೆಯದು. 1948ರ ನವೆಂಬರ್ 4ರಂದು ನಮ್ಮ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಕರಡನ್ನು ಮಂಡಿಸುತ್ತಾ ಹೇಳಿದ್ದೂ ಇದನ್ನೇ. ಕಾರ್ಯಾಂಗಕ್ಕೆ ಸ್ಥಿರತೆಯೂ ಬೇಕು, ಉತ್ತರದಾಯಿತ್ವವೂ ಬೇಕು; ಎರಡನ್ನೂ ಸಮನಾಗಿ ಕೊಡುವ ಪದ್ಧತಿ ಇನ್ನೂ ಸಿಕ್ಕಿಲ್ಲ; ಕರಡು ಉತ್ತರದಾಯಿತ್ವದ ಕಡೆಗೆ ವಾಲಿದೆ ಎಂದು ಅವರು ಸ್ಪಷ್ಟವಾಗಿ ಒಪ್ಪಿಕೊಂಡಿದ್ದರು.

ಇನ್ನು ಕಾನೂನಿನ ಬೀಗ. ಶ್ರೀಲಂಕಾದ ಸಂಸತ್ತಿನಲ್ಲಿ 225 ಸ್ಥಾನ, ಮೂರನೇ ಎರಡು ಎಂದರೆ 150. 2024ರ ನವೆಂಬರ್‌ನಲ್ಲಿ ಅನುರ ಕುಮಾರ ದಿಸಾನಾಯಕೆ ಅವರ ನ್ಯಾಷನಲ್ ಪೀಪಲ್ಸ್ ಪವರ್ (ಎನ್‌ಪಿಪಿ) 159 ಗೆದ್ದಿತು. ಅಧ್ಯಕ್ಷರ ಕಾರ್ಯಾಧಿಕಾರವನ್ನು ತೆಗೆದು, ಸಂಸತ್ತು ಆರಿಸುವ ನಾಮಮಾತ್ರದ ಅಧ್ಯಕ್ಷರನ್ನು ತರುವ ಹೊಸ ಸಂವಿಧಾನ ಅದರ ಪ್ರಣಾಳಿಕೆಯಲ್ಲಿತ್ತು. ಸಂಖ್ಯೆಗೆ ಕೊರತೆಯಿಲ್ಲ. ಆದರೆ 83ನೇ ವಿಧಿ ಕೆಲವು ವಿಧಿಗಳನ್ನು ಹೆಸರಿಸಿ, ಅವನ್ನು ಮುಟ್ಟಬೇಕಾದರೆ ಜನಮತ ಸಂಗ್ರಹವೂ ನಡೆಯಬೇಕು ಎನ್ನುತ್ತದೆ. ಆ ಪಟ್ಟಿಯಲ್ಲಿ 3ನೇ ವಿಧಿ ಇದೆ: ಸಾರ್ವಭೌಮತ್ವ ಜನರದು, ಅದನ್ನು ಪರಭಾರೆ ಮಾಡುವಂತಿಲ್ಲ. ಜನರ ಕಾರ್ಯಾಧಿಕಾರವನ್ನು ಜನರೇ ಆರಿಸಿದ ಅಧ್ಯಕ್ಷರು ಚಲಾಯಿಸುತ್ತಾರೆ ಎನ್ನುವ 4ನೇ ವಿಧಿ ಪಟ್ಟಿಯಲ್ಲಿಲ್ಲ. ಸುಪ್ರೀಂ ಕೋರ್ಟು ಮಾತ್ರ 3 ಮತ್ತು 4ನೇ ವಿಧಿಗಳನ್ನು ಒಟ್ಟಿಗೇ ಓದಬೇಕು ಎಂದಿದೆ. ಅಧ್ಯಕ್ಷರ ಅಧಿಕಾರಕ್ಕೆ ಕಡಿವಾಣ ಹಾಕಬಹುದು, ಆದರೆ ಅದನ್ನು ಕಿತ್ತು ಇನ್ನೊಬ್ಬರಿಗೆ ಕೊಡಬೇಕಾದರೆ ಜನರನ್ನು ಕೇಳಿ ಎಂಬುದು ಅದರ ತಾತ್ಪರ್ಯ. 2015ರಲ್ಲಿ 19ನೇ ತಿದ್ದುಪಡಿ ಬಂದಾಗ ಇದೇ ಆಯಿತು. ಪ್ರಧಾನಿಯ ಕೈಗೆ ಕಾರ್ಯಾಧಿಕಾರ ಕೊಡುವ ಕಲಂಗಳಿಗೆ ಜನಮತ ಬೇಕು ಎಂದು ಕೋರ್ಟು ಹೇಳಿತು, ಸರ್ಕಾರ ಆ ಕಲಂಗಳನ್ನೇ ಕೈಬಿಟ್ಟಿತು. ಉಳಿದದ್ದಕ್ಕೆ ಏಪ್ರಿಲ್ 28ರಂದು 212 ಮತ ಬಿತ್ತು, ವಿರುದ್ಧ ಬಿದ್ದದ್ದು ಒಂದೇ. ಕೋರ್ಟಿನ ಈ ನಿಲುವನ್ನು ಟೀಕಿಸುವವರಿದ್ದಾರೆ. ನನಗೆ ಅದು ಸರಿ ಎನಿಸುತ್ತದೆ. ಜನ 1982ರಿಂದ ತಾವೇ ಮತ ಹಾಕಿ ಆರಿಸುತ್ತಿರುವ ಪದವಿ ಅದು, ತೆಗೆಯುವಾಗ ಅವರನ್ನು ಕೇಳುವುದು ನ್ಯಾಯ.

ಇದಕ್ಕಿಂತ ಬಿಗಿಯಾದದ್ದು ಮನಸ್ಸಿನ ಬೀಗ. ಪದವಿಯನ್ನು ರದ್ದುಮಾಡಬಲ್ಲ ಬಲ ಬರುವುದು ಆ ಪದವಿಯಲ್ಲಿ ಕುಳಿತವರಿಗೇ, ಕುಳಿತ ಮೇಲೆ ಅದು ಅಷ್ಟೇನೂ ಕೆಟ್ಟದ್ದಾಗಿ ಕಾಣುವುದಿಲ್ಲ. ಚಂದ್ರಿಕಾ ಕುಮಾರತುಂಗ 1994ರಲ್ಲಿ ದಿನಾಂಕ ಸಮೇತ ಮಾತು ಕೊಟ್ಟಿದ್ದರು: 1995ರ ಜುಲೈ 15ರೊಳಗೆ. 2000ದಲ್ಲಿ ಕರಡೊಂದನ್ನು ಸದನಕ್ಕೆ ತಂದರು, ವಿರೋಧ ಪಕ್ಷದವರು ಅದರ ಪ್ರತಿಗಳನ್ನು ಅಲ್ಲೇ ಸುಟ್ಟರು, ಅದು ಅಲ್ಲಿಗೇ ನಿಂತಿತು. 2005ರಲ್ಲಿ ಮಹಿಂದ ರಾಜಪಕ್ಸ ಅವರೂ ಮಾತು ಕೊಟ್ಟರು, 2010ರಲ್ಲಿ 18ನೇ ತಿದ್ದುಪಡಿ ತಂದು ಎರಡೇ ಅವಧಿ ಎಂಬ ಮಿತಿಯನ್ನೇ ಅಳಿಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೂ ಉಳಿಯಲಿಲ್ಲ.

ಇವರಲ್ಲಿ ನನಗೆ ತೀರಾ ನೋವು ಕೊಡುವುದು 2015ರಲ್ಲಿ ಅಧ್ಯಕ್ಷರಾದ ಮೈತ್ರಿಪಾಲ ಸಿರಿಸೇನ ಅವರ ಕಥೆ. ಈ ಪದವಿ ಹೋಗಬೇಕೆಂದು ದೇಶವಿಡೀ ಚಳವಳಿ ಕಟ್ಟಿದ ಬೌದ್ಧ ಭಿಕ್ಷು ಮಾದುಲುವಾವೆ ಸೋಬಿತ ಥೇರರು 2015ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಯಲ್ಲಿ, ಪಾರ್ಥಿವ ಶರೀರದ ಎದುರಿನಲ್ಲೇ, ಅಧ್ಯಕ್ಷ ಪದ್ಧತಿಯನ್ನು ಕೊನೆಗಾಣಿಸುತ್ತೇನೆ ಎಂದು ಸಿರಿಸೇನ ಮಾತು ಕೊಟ್ಟರು. ಮೂರು ವರ್ಷ ತುಂಬುವ ಮೊದಲೇ, 2018ರ ಅಕ್ಟೋಬರ್ 26ರ ಸಂಜೆ, ಸದನದಲ್ಲಿ ಬಹುಮತವಿದ್ದ ಪ್ರಧಾನಿಯನ್ನು ವಜಾ ಮಾಡಿ ಮಹಿಂದ ರಾಜಪಕ್ಸ ಅವರಿಗೆ ಪ್ರಮಾಣ ಬೋಧಿಸಿದರು. ಬಹುಮತ ಕೂಡಿ ಬಾರದೆ ಹೋದಾಗ ಸಂಸತ್ತನ್ನೇ ವಿಸರ್ಜಿಸಿದರು. ಸುಪ್ರೀಂ ಕೋರ್ಟು ವಿಸರ್ಜನೆಗೆ ತಡೆ ಕೊಟ್ಟು ಸದನ ಸೇರಿದಾಗ ಕಂಡ ದೃಶ್ಯ ಇದು. ನವೆಂಬರ್ 16, ಶುಕ್ರವಾರ. ಸ್ಪೀಕರ್ ಪೀಠದಲ್ಲಿ ರಾಜಪಕ್ಸ ಬಣದ ಸಂಸದರು ಕುಳಿತುಬಿಟ್ಟಿದ್ದಾರೆ. ಸ್ಪೀಕರ್ ಕರು ಜಯಸೂರ್ಯ ಪೊಲೀಸರ ನಡುವೆ ಒಳಗೆ ಬರುತ್ತಾರೆ, ಬೇರೊಂದು ಕುರ್ಚಿ ಹಾಕಲಾಗುತ್ತದೆ. ಅವರ ಮೇಲೆ ಪುಸ್ತಕಗಳು, ಕುರ್ಚಿಗಳು ಹಾರಿ ಬೀಳುತ್ತವೆ. ಯಾರೋ ಖಾರದ ಪುಡಿ ಕಲಸಿದ ನೀರು ಎರಚುತ್ತಾರೆ, ಅದು ಪೊಲೀಸರ ಮತ್ತು ಸಂಸದರ ಕಣ್ಣಿಗೆ ಬೀಳುತ್ತದೆ. ಅದರ ನಡುವೆಯೇ ಸ್ಪೀಕರ್ ಮೈಕ್ ಹಿಡಿದು ಅವಿಶ್ವಾಸ ಗೊತ್ತುವಳಿಯನ್ನು ಧ್ವನಿಮತಕ್ಕೆ ಹಾಕುತ್ತಾರೆ. ಡಿಸೆಂಬರ್ 13ರಂದು ಏಳು ನ್ಯಾಯಮೂರ್ತಿಗಳ ಪೀಠ ವಿಸರ್ಜನೆ ಸಂವಿಧಾನಬಾಹಿರ ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಕೋರ್ಟಿಗೆ ಹಾಗೆ ಹೇಳಲು ಆಧಾರವಾದದ್ದು 2015ರ ಅದೇ 19ನೇ ತಿದ್ದುಪಡಿ: ನಾಲ್ಕೂವರೆ ವರ್ಷ ತುಂಬುವವರೆಗೆ ಅಧ್ಯಕ್ಷರು ತಾವಾಗಿ ಸಂಸತ್ತನ್ನು ವಿಸರ್ಜಿಸುವಂತಿಲ್ಲ ಎಂಬ ಸಾಲು. ಅರ್ಧಂಬರ್ಧ ಸುಧಾರಣೆ ಎಂದು ಹೀಗಳೆಯಲಾಗಿದ್ದ ತಿದ್ದುಪಡಿಯ ಒಂದೇ ಸಾಲು ಅಂದು ದೇಶವನ್ನು ಕಾಯಿತು. ಅದೇ ಸಾಲನ್ನು 2020ರಲ್ಲಿ 20ನೇ ತಿದ್ದುಪಡಿ ಎರಡೂವರೆ ವರ್ಷಕ್ಕೆ ಇಳಿಸಿತು. ನ್ಯಾಯಮೂರ್ತಿಗಳು, ಚುನಾವಣಾ ಆಯೋಗದಂಥ ನೇಮಕಗಳಿಗೆ ಕಡಿವಾಣ ಹಾಕುವ ಸಂವಿಧಾನ ಪರಿಷತ್ತಂತೂ 2001, 2010, 2015, 2020, 2022 ಹೀಗೆ ಐದು ತಿದ್ದುಪಡಿಗಳಲ್ಲಿ ಬಂದು, ಹೋಗಿ, ಬಂದು, ಹೋಗಿ, ಮತ್ತೆ ಬಂದಿದೆ.

ಪದ್ಧತಿ ಬದಲಾದರೆ ಸುಧಾರಿಸುತ್ತದೆಯೇ ಎಂದು ಕೇಳಿದಿರಿ. ಇದಕ್ಕೆ ಉತ್ತರ ಬಾಂಗ್ಲಾದೇಶದಲ್ಲಿದೆ, ಆ ಉತ್ತರ ಹಿತವಾದದ್ದಲ್ಲ. ಅಲ್ಲಿ 1975ರಲ್ಲಿ ಬಂದ ಅಧ್ಯಕ್ಷೀಯ ಪದ್ಧತಿ ಸೇನಾ ಆಡಳಿತಗಳನ್ನೂ ದಾಟಿ ಉಳಿದಿತ್ತು. 1990ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಎರ್ಶಾದ್ ಪದತ್ಯಾಗ ಮಾಡಿದರು. 1991ರಲ್ಲಿ ಬಿಎನ್‌ಪಿ ಮತ್ತು ಅವಾಮಿ ಲೀಗ್, ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳು, ಒಟ್ಟಿಗೆ ಮತ ಹಾಕಿ 12ನೇ ತಿದ್ದುಪಡಿಯನ್ನು ಅಂಗೀಕರಿಸಿದವು. ಸೆಪ್ಟೆಂಬರ್ 15ರ ಜನಮತ ಸಂಗ್ರಹದಲ್ಲಿ ಮತ ಹಾಕಿದವರ ಪೈಕಿ ಸುಮಾರು ಶೇಕಡಾ 84 ಮಂದಿ ಒಪ್ಪಿದರು. ಇದಕ್ಕಿಂತ ಚೆಂದದ ಬದಲಾವಣೆ ಬೇಕೇ? ಆದರೆ ಆ ತಿದ್ದುಪಡಿಯ 55ನೇ ವಿಧಿಯನ್ನು ತೆರೆದು ನೋಡಿ. ಗಣರಾಜ್ಯದ ಕಾರ್ಯಾಧಿಕಾರವನ್ನು ಪ್ರಧಾನಿಯೇ, ಅಥವಾ ಪ್ರಧಾನಿಯ ಅಧಿಕಾರದ ಮೇರೆಗೆ, ಚಲಾಯಿಸತಕ್ಕದ್ದು ಎಂದಿದೆ. ಮಂತ್ರಿಮಂಡಲ ಎಂದಿಲ್ಲ, ಪ್ರಧಾನಿ ಎಂದಿದೆ. ನಮ್ಮ 74ನೇ ವಿಧಿಯಲ್ಲಿ ರಾಷ್ಟ್ರಪತಿಗೆ ಸಲಹೆ ಕೊಡುವುದು ಮಂತ್ರಿಮಂಡಲ, ಪ್ರಧಾನಿ ಅದರ ಮುಖ್ಯಸ್ಥ. ಬಾಂಗ್ಲಾದ 70ನೇ ವಿಧಿಯೋ, ಪಕ್ಷದ ವಿರುದ್ಧ ಮತ ಹಾಕಿದ ಸಂಸದನ ಸ್ಥಾನವನ್ನೇ ಕಳೆಯುತ್ತದೆ. ಅಂದಮೇಲೆ ಆಡಳಿತ ಪಕ್ಷದೊಳಗಿನಿಂದ ಪ್ರಧಾನಿಯ ಮೇಲೆ ಅವಿಶ್ವಾಸ ಎಂಬುದು ಕಾಗದದ ಮೇಲಿನ ಮಾತು. ಅಧ್ಯಕ್ಷರ ಅಧಿಕಾರವೆಲ್ಲ ಹೆಸರು ಬದಲಿಸಿಕೊಂಡು ಪ್ರಧಾನಿಯ ಮೇಜಿಗೆ ಬಂತು. ಶೇಖ್ ಹಸೀನಾ 2009ರಿಂದ ಸತತವಾಗಿ ಆಳಿದರು. 2014ರ ಚುನಾವಣೆಯಲ್ಲಿ 300ರಲ್ಲಿ 153 ಸ್ಥಾನಗಳಿಗೆ ಸ್ಪರ್ಧೆಯೇ ಇರಲಿಲ್ಲ. 2024ರ ಆಗಸ್ಟ್ 5ರಂದು ಅವರೂ ದೇಶ ಬಿಟ್ಟು ಹಾರಬೇಕಾಯಿತು, ಗೋಟಬಯ ಅವರಂತೆಯೇ. ಸಂಸದೀಯ ಪದ್ಧತಿಯ ಜೀವ ಇರುವುದು ಸದನ ನಾಯಕನನ್ನು ಇಳಿಸಬಲ್ಲದು ಎಂಬ ಭಯದಲ್ಲಿ. ಪಕ್ಷಾಂತರ ತಡೆಯುವ ಹೆಸರಿನಲ್ಲಿ ಆ ಭಯವನ್ನು ತೆಗೆದರೆ ಉಳಿಯುವುದು ತೊಗಲು ಮಾತ್ರ. ಪಕ್ಷಾಂತರ ನಿಷೇಧಿಸುವ ನಮ್ಮ ಹತ್ತನೇ ಅನುಸೂಚಿಗೂ ಈ ರೋಗದ ಒಂದು ಪಾಲು ಅಂಟಿದೆ ಎಂಬುದನ್ನು ನಾವು ಮುಚ್ಚಿಡಬಾರದು.

ಅರ್ಮೇನಿಯಾದ್ದು ಇನ್ನೊಂದು ಪಾಠ, ಚಿಕ್ಕದು. ಎರಡು ಅವಧಿ ಮುಗಿಸುತ್ತಿದ್ದ ಅಧ್ಯಕ್ಷ ಸೆರ್ಜ್ ಸರ್ಗ್‌ಸ್ಯಾನ್ 2015ರ ಡಿಸೆಂಬರ್‌ನಲ್ಲಿ ಜನಮತದ ಮೂಲಕ ಸಂಸದೀಯ ಪದ್ಧತಿ ತಂದರು, 2018ರ ಏಪ್ರಿಲ್ 17ರಂದು ತಾವೇ ಪ್ರಧಾನಿಯಾದರು. ಜನ ಬೀದಿಗಿಳಿದರು, ಆರೇ ದಿನಕ್ಕೆ ಅವರು ಕೆಳಗಿಳಿದರು. ಆದ್ದರಿಂದ ಕರಡು ಯಾವುದೇ ಇರಲಿ, ಕೊನೆಯಲ್ಲಿ ಬರುವ ಸಂಕ್ರಮಣ ಕಾಲದ ಕಲಂ ಅನ್ನು ಮೊದಲು ಓದಬೇಕು. ಈಗಿನ ಅಧ್ಯಕ್ಷರು ಹೊಸ ಪದ್ಧತಿಯಲ್ಲಿ ಎಲ್ಲಿರುತ್ತಾರೆ? ಮುಂದಿನ ಚುನಾವಣೆಯಿಂದ ಜಾರಿಯೋ, ನಾಳೆಯಿಂದಲೋ? ಅಲ್ಲಿ ಬದಲಾವಣೆಯ ಉದ್ದೇಶ ಹೊರಗೆ ಬೀಳುತ್ತದೆ.

ಶ್ರೀಲಂಕಾದ ತಮಿಳರು ಮತ್ತು ಮುಸ್ಲಿಮರಲ್ಲಿ ಕೆಲವರಿಗೆ ಅಧ್ಯಕ್ಷ ಪದವಿಯೇ ಉಳಿಯಲಿ ಎಂದಿದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅವರ ಲೆಕ್ಕಾಚಾರ ಹೀಗಿದೆ: ಅಧ್ಯಕ್ಷರಾಗಲು ಇಡೀ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಗಳಿಸಲು ಹೋರಾಡಬೇಕು, ಸಿಂಹಳ ಮತಗಳು ಒಡೆದಾಗ ಉತ್ತರ ಮತ್ತು ಪೂರ್ವದ ಮತಗಳೇ ನಿರ್ಣಾಯಕ. 2015ರಲ್ಲಿ ಸಿರಿಸೇನ ಗೆದ್ದದ್ದು ಹಾಗೆಯೇ. ಅದಕ್ಕಿಂತ ಹಳೆಯ ನೆನಪೂ ಅವರಿಗಿದೆ. ಚಹಾ ತೋಟಗಳ ಲಕ್ಷಾಂತರ ತಮಿಳರ ಪೌರತ್ವ ಕಿತ್ತ 1948ರ ಕಾಯಿದೆ, ಸಿಂಹಳವೊಂದೇ ಆಡಳಿತ ಭಾಷೆ ಎಂದ 1956ರ ಕಾಯಿದೆ, ಎರಡೂ ಬಂದದ್ದು ಶುದ್ಧ ಸಂಸದೀಯ ಪದ್ಧತಿಯಲ್ಲಿ. ಭಾಷೆಯ ಪ್ರಶ್ನೆ ಮನುಷ್ಯರಿಗೆ ಎಷ್ಟು ಹತ್ತಿರದ್ದು ಎಂದು ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ. ಆದರೆ 2019ರಲ್ಲಿ ಗೋಟಬಯ ಅಲ್ಪಸಂಖ್ಯಾತರ ಮತಗಳ ನೆರವಿಲ್ಲದೆ ಶೇಕಡಾ 52ರಷ್ಟು ಮತ ಪಡೆದು ಗೆದ್ದು ತೋರಿಸಿದ ಮೇಲೆ ಆ ಲೆಕ್ಕಾಚಾರ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಅವರಿಗೆ ರಕ್ಷಣೆ ಸಿಗಬೇಕಾದದ್ದು ಬೇರೆ ಕಡೆಯಿಂದ: ಪ್ರಾಂತ್ಯಗಳಿಗೆ ನಿಜವಾದ ಅಧಿಕಾರ, ಪ್ರಾಂತ್ಯಗಳ ದನಿಯಿರುವ ಎರಡನೇ ಸದನ, ಮತ್ತು ಪಕ್ಷಕ್ಕೆ ಬಿದ್ದ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಕೊಡುವ, ಈಗಿರುವ ಅನುಪಾತೀಯ ಚುನಾವಣಾ ಪದ್ಧತಿ. 1977ರ ಸಂಖ್ಯೆಗಳನ್ನು ನೆನಪಿಡಿ ಎಂದದ್ದು ಇದಕ್ಕೇ. ಅಧ್ಯಕ್ಷರನ್ನು ತೆಗೆಯುವ ಜೊತೆಗೆ ಹಳೆಯ ಚುನಾವಣಾ ಪದ್ಧತಿಯನ್ನೂ ವಾಪಸು ತಂದರೆ, ಅರ್ಧದಷ್ಟು ಮತಕ್ಕೆ ಆರರಲ್ಲಿ ಐದು ಪಾಲು ಸ್ಥಾನ ಪಡೆದ ಪ್ರಧಾನಿಯನ್ನು ತಡೆಯುವವರೇ ಇರುವುದಿಲ್ಲ.

ಅನುಪಾತೀಯ ಪದ್ಧತಿಯಲ್ಲಿ ಸರ್ಕಾರಗಳು ಪದೇಪದೇ ಬೀಳುತ್ತವೆ ಎಂಬ ಆಕ್ಷೇಪ ಬರುತ್ತದೆ. ಜರ್ಮನಿ ಇದಕ್ಕೆ ಸರಳ ಮದ್ದು ಕಂಡುಕೊಂಡಿದೆ. ಉತ್ತರಾಧಿಕಾರಿಯನ್ನು ಬಹುಮತದಿಂದ ಆರಿಸದೆ ಅಲ್ಲಿ ಚಾನ್ಸಲರ್ ಅವರನ್ನು ಇಳಿಸುವಂತಿಲ್ಲ. ಹಾಗೆ ಇಳಿದವರು ಇದುವರೆಗೆ ಒಬ್ಬರೇ, 1982ರಲ್ಲಿ ಹೆಲ್ಮುಟ್ ಶ್ಮಿಟ್. ಅದರ ಜೊತೆಗೆ, ಬಹುಮತ ಯಾರಿಗಿದೆ ಎಂಬುದನ್ನು ಅಧ್ಯಕ್ಷರ ಅಂದಾಜಿಗೆ ಬಿಡದೆ ಸದನದಲ್ಲೇ ಎಣಿಸಬೇಕು ಎಂದು ಕಪ್ಪು ಬಿಳುಪಿನಲ್ಲಿ ಬರೆಯಬೇಕು. ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರ 1989ರಲ್ಲಿ ವಜಾ ಆದದ್ದು ರಾಜ್ಯಪಾಲರ ವರದಿಯ ಮೇಲೆ. ಬಲಾಬಲ ಪರೀಕ್ಷೆ ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1994ರಲ್ಲಿ, ಆ ಸರ್ಕಾರಕ್ಕೆ ಅದರಿಂದ ಉಪಯೋಗವಾಗಲಿಲ್ಲ. ಕೊಲಂಬೊದಲ್ಲಿ ಸಂವಿಧಾನ ಬರೆಯುವವರು ಇನ್ನೊಂದು ತೀರ್ಪಿಗಾಗಿ ಕಾಯಬೇಕಿಲ್ಲ, ಒಂದು ಸಾಲು ಬರೆದರೆ ಸಾಕು.

ನಿಮ್ಮ ವಿದ್ಯಾರ್ಥಿನಿಗೆ ಒಂದು ಅಭ್ಯಾಸ ಕೊಡಿ. ನಾನು ತರಗತಿಗಳಲ್ಲಿ ಮಾಡಿಸುತ್ತಿದ್ದದ್ದು. ಶ್ರೀಲಂಕಾದ ಸಂವಿಧಾನದ ಪ್ರತಿ ತೆಗೆದುಕೊಂಡು ಅಧ್ಯಕ್ಷ ಎಂಬ ಪದ ಬಂದಲ್ಲೆಲ್ಲ ಪೆನ್ಸಿಲ್‌ನಿಂದ ಗೆರೆ ಹಾಕಲಿ, ಪಕ್ಕದಲ್ಲಿ ‘ಇನ್ನು ಯಾರು?’ ಎಂಬ ಪ್ರಶ್ನೆಗೆ ಉತ್ತರ ಬರೆಯಲಿ. ಸೇನೆಯ ದಂಡನಾಯಕತ್ವ, ಕ್ಷಮಾದಾನ, ತುರ್ತುಪರಿಸ್ಥಿತಿ ಘೋಷಣೆ, ಖಾತೆ ಹಂಚಿಕೆ: ಇವಕ್ಕೆಲ್ಲ ಆಕೆ ‘ಪ್ರಧಾನಿ’ ಎಂದು ಬೇಗ ಬೇಗ ಬರೆಯುತ್ತಾಳೆ. ನಾಲ್ಕಾರು ಪುಟಗಳಾದ ಮೇಲೆ ಒಂದೇ ಹೆಸರು ಎಷ್ಟು ಸಲ ಬಂತು ಎಂದು ಎಣಿಸಲು ಹೇಳಿ. ಆಮೇಲೆ 154ಬಿ ವಿಧಿ ಬರುತ್ತದೆ. 1987ರ 13ನೇ ತಿದ್ದುಪಡಿ ತಂದದ್ದು ಅದು: ಪ್ರಾಂತ್ಯಗಳ ಗವರ್ನರ್‌ಗಳನ್ನು ನೇಮಿಸುವವರು ಅಧ್ಯಕ್ಷರು, ಅಧ್ಯಕ್ಷರ ಮರ್ಜಿ ಇರುವವರೆಗೆ ಮಾತ್ರ ಅವರು ಪದವಿಯಲ್ಲಿರುತ್ತಾರೆ. ಆ ಮರ್ಜಿಯನ್ನು ಪ್ರಧಾನಿಗೆ ಕೊಟ್ಟರೆ ಜಾಫ್ನಾದವರಿಗೆ ಏನೂ ಬದಲಾಗಿರುವುದಿಲ್ಲ, ಪ್ರಾಂತೀಯ ಪರಿಷತ್ತಿಗೆ ಕೊಟ್ಟರೆ ದೇಶ ಒಡೆಯಿತು ಎಂದು ಕೊಲಂಬೊದಲ್ಲಿ ಗಲಾಟೆ ಏಳುತ್ತದೆ, ಯಾರಿಗೂ ಕೊಡದಿದ್ದರೆ ಗವರ್ನರ್‌ಗಳೇ ಇರುವುದಿಲ್ಲ. ಆ ಸಾಲಿನ ಪಕ್ಕ ಅವಳು ಏನು ಬರೆದಳು ಎಂದು ನನಗೆ ದಯವಿಟ್ಟು ತಿಳಿಸಿ.